ನಡೆ ಹೇಳಿದವನು

ಭಾಲ್ಕಿಯ ಬೇಳೆ ಬಜಾರು ಮುಗಿದು, ಬಿಸಿಲು ಬೇವಿನ ಮರದ ಆಚೆಗೆ ಸರಿದ ಮೇಲೆ ಹನುಮಂತ ದೇವರ ಕಟ್ಟೆಯ ಮೇಲೆ ಚೌಕುಳಿ ಹಾಸು ಬಿಚ್ಚುತ್ತಿದ್ದರು. ಪುಸ್ತಕದವರು ಅದನ್ನು ಚದುರಂಗ ಅನ್ನುತ್ತಾರೆ, ಬೀದರಿನ ಸಾಬರು ಶತ್ರಂಜ ಅನ್ನುತ್ತಾರೆ, ಭಾಲ್ಕಿಯವರ ಬಾಯಲ್ಲಿ ಅದು ಬುದ್ಧಿಬಳ. ದೇವರು ಒಳಗೆ, ಆಟ ಹೊರಗೆ. ಕಟ್ಟೆಯ ಮೇಲೆ ಕೂತವರು ಎಂಟು ಹತ್ತು ಮಂದಿ. ಕೆಳಗೆ ಮಣ್ಣಿನ ಮೇಲೆ ನಿಂತವನು ಒಬ್ಬನೇ. ಅವನು ಮಾಣಿಕ.

ಮಾಣಿಕ ಹಾವಗೆಪ್ಪನ ಅಂಗಡಿಯ ಹಮಾಲ. ಖಟಕ ಚಿಂಚೋಳಿಯವನು, ಊರು ಮುಟ್ಟಿಸಿಕೊಳ್ಳದ ಕೇರಿಯಲ್ಲಿ ಹುಟ್ಟಿದವನು. ತೊಗರಿ ಚೀಲ ಬೆನ್ನಿಗೇರಿಸಿಕೊಂಡು ಬಜಾರಿನ ಉದ್ದಗಲ ನಡೆಯುವಾಗ ಅವನ ತುಟಿ ಅಲ್ಲಾಡುತ್ತಿತ್ತು. ನೋಡಿದವರು ದೇವರ ನಾಮ ಅಂದುಕೊಳ್ಳುತ್ತಿದ್ದರು. ಅದು ನಾಮವಲ್ಲ, ಹಿಂದಿನ ದಿನದ ಆಟ. ಆನೆ ಎಲ್ಲಿತ್ತು, ಕುದುರೆ ಎಲ್ಲಿಂದ ಜಿಗಿಯಿತು, ಯಾವ ಪ್ಯಾದೆ ಬಿದ್ದಿತು, ಎಲ್ಲವನ್ನೂ ಚೀಲದ ಕೆಳಗಿಂದಲೇ ಮತ್ತೆ ಆಡಿ ನೋಡುತ್ತಿದ್ದ.

ಇದು ಶುರುವಾದದ್ದು ಹೀಗೆ. ಒಂದು ಸಂಜೆ ಹಾವಗೆಪ್ಪ ಉದಗೀರಿನಿಂದ ಬಂದ ದಲ್ಲಾಳಿಯೊಬ್ಬನ ಎದುರು ಸೋಲುತ್ತ ಕೂತಿದ್ದ. ಒಂಟೆಯ ಮೇಲೆ ಕೈ ಇಟ್ಟ, ತೆಗೆದ, ಮತ್ತೆ ಇಟ್ಟ. ಆಗ ಕೆಳಗಿನಿಂದ ದನಿ ಬಂತು.

“ಸಾವ್ಕಾರ್ರ, ಒಂಟಿ ಎತ್ತಬ್ಯಾಡ್ರಿ. ಅಂಚಿನ ಪ್ಯಾದಿ ಒಂದು ಮನಿ ಸರಸ್ರಿ. ಅಂವ ನಗ್ತಾನ, ನಗ್ಲಿ ಬಿಡ್ರಿ.”

ದಲ್ಲಾಳಿ ನಿಜಕ್ಕೂ ನಕ್ಕ. ಹನ್ನೆರಡನೆಯ ನಡೆಗೆ ಅವನ ರಾಜ ಮೂಲೆಯಲ್ಲಿ ಸಿಕ್ಕಿಬಿದ್ದಾಗ ಆ ನಗು ಎಲ್ಲಿ ಹೋಯಿತೋ ಯಾರೂ ನೋಡಲಿಲ್ಲ. ಎಲ್ಲರೂ ಕಟ್ಟೆಯ ಕೆಳಗೆ ನೋಡುತ್ತಿದ್ದರು.

ಕಟ್ಟೆಗೆ ಹಿರಿಯ ಶಿವರಾಜಪ್ಪ. ಅವನು ಮೀಸೆ ನೀವಿಕೊಂಡು ತೀರ್ಪು ಕೊಟ್ಟ. “ಆಡ್ಲಿ ಬಿಡ್ರೋ. ಬಾಯಿಗೇನು ಮೈಲಿಗಿ ಅದ? ಅಂವ ತಳಗ ನಿಂತು ಹೇಳ್ಲಿ, ಹಾವಗೆಪ್ಪ ಮ್ಯಾಲ ಕುಂತು ನಡಸ್ಲಿ. ಕಾಯಿ ಮಾತ್ರ ಅಂವ ಮುಟ್ಟಬಾರ್ದು.”

ಅಂದಿನಿಂದ ಅದೇ ರೂಢಿಯಾಯಿತು. ಮಾಣಿಕ ನಡೆ ಹೇಳುವವನು, ಹಾವಗೆಪ್ಪ ನಡೆಸುವವನು. ಕೆಳಗೆ ನಿಂತವನಿಗೆ ಹಾಸು ಪೂರ್ತಿ ಕಾಣುತ್ತಿರಲಿಲ್ಲ, ಆಡುವವರ ಮೊಣಕಾಲು ಅಡ್ಡ ಬರುತ್ತಿತ್ತು. ಎದುರಾಳಿ ನಡೆಸಿದ್ದನ್ನು ಹಾವಗೆಪ್ಪ ಕೂಗಿ ಹೇಳಿದರೆ ಮಾಣಿಕ ಕಣ್ಣು ಮುಚ್ಚಿ ಕೇಳುತ್ತಿದ್ದ. ಆಮೇಲೆ ತನ್ನ ನಡೆ ಕೂಗುತ್ತಿದ್ದ. “ಹಾವಗೆಪ್ಪನ ತಲಿ ಕಟ್ಟಿ ತಳಗ ಬಿದ್ದದ ನೋಡ್ರಿ” ಎಂದು ಬಜಾರಿನವರು ಚೇಷ್ಟೆ ಮಾಡುತ್ತಿದ್ದರು. ಹಾವಗೆಪ್ಪನೂ ನಗುತ್ತಿದ್ದ. ಶರಣರ ಮಾತು ಬಾಯಿಪಾಠ ಇದ್ದವನು, ಕುಲ ಕೇಳಬಾರದು ಎಂದು ಮಗಳಿಗೆ ಕಲಿಸಿದವನು ಅವನು. ಕಾಯಿಯನ್ನೇಕೆ ಮಾಣಿಕ ಮುಟ್ಟಬಾರದು ಎಂದು ಶಿವರಾಜಪ್ಪನನ್ನು ಕೇಳಬೇಕು ಎಂದು ಒಮ್ಮೊಮ್ಮೆ ಅನಿಸುತ್ತಿತ್ತು. ಕೇಳಿದರೆ ತನ್ನ ಜಾಗ ಯಾವುದು ಎಂಬ ಪ್ರಶ್ನೆಯೂ ಅದರ ಬೆನ್ನಿಗೇ ಬರುತ್ತಿತ್ತು. ಅದಕ್ಕೇ ಕೇಳಲಿಲ್ಲ.

ಹೀಗಿರುವಾಗ ಬೀದರಿನ ರಶೀದ ಅಹ್ಮದ ಭಾಲ್ಕಿಗೆ ಬಂದರು. ನಿಜಾಮರ ಕಾಲದಲ್ಲಿ ಗಿರದಾವರಾಗಿ ಹಳ್ಳಿಹಳ್ಳಿ ಭೂಮಿ ಅಳೆದವರು, ನೌಕರಿ ಮುಗಿದ ಮೇಲೆ ಶತ್ರಂಜವನ್ನೇ ಹಿಡಿದವರು. ಹೈದರಾಬಾದ್ ರಾಜ್ಯದ ಶತ್ರಂಜ ಸಂಘಕ್ಕೆ ಬೀದರ ಜಿಲ್ಲೆಯ ಕಡೆಯಿಂದ ಅವರೇ ಕಾರಭಾರಿ. ಕಟ್ಟೆಯ ಮೇಲೆ ಕೂತು ಮೂರು ಆಟ ಆಡಿದರು, ಮೂರೂ ಸೋತರು. ಎದ್ದು, ಕೆಳಗಿಳಿದು, ಮಾಣಿಕನ ಎದುರಿಗೆ ನಿಂತು ಸಲಾಮು ಮಾಡಿದರು.

“ಭಾಯಿ, ನೀ ಯಾರ ಹಂತೇಲಿ ಕಲ್ತಿ?”

“ಯಾರ ಹಂತೇಲಿ ಕಲೀಲ್ರಿ ಸಾಹೇಬ್ರ. ನಿಂತು ನಿಂತು ಬಂತು.”

ಅಂದು ಅವರು ಕಟ್ಟೆಯ ಅಂಚಿಗೆ ಕೂತು ಒಂದು ಸುದ್ದಿ ಹೇಳಿದರು. ಹಾವಗೆಪ್ಪ ಅದನ್ನು ಪುರಾಣದ ಕಥೆ ಕೇಳಿದಂತೆ ಕೇಳಿದ.

“ವಿಲಾಯತಿ ಮಂದಿ ಒಂದು ಖಿತಾಬು ಮಾಡ್ಯಾರ, ಬಿರುದು ಇದ್ದಂಗ. ಗ್ರ್ಯಾಂಡ್ ಮಾಸ್ಟರ್ ಅಂತಾರ ಅದಕ್ಕ. ಅದರ ಮ್ಯಾಲ ಖಿತಾಬಿಲ್ಲ. ದುನಿಯಾದಾಗ ಮೂವತ್ತು ನಲವತ್ತು ಮಂದಿ ಇರಬಹುದು. ಹಿಂದುಸ್ತಾನದಾಗ ಒಬ್ಬನೂ ಇಲ್ಲ.”

“ಯಾರು ಕೊಡ್ತಾರ್ರಿ ಅದು? ಸರಕಾರದವರಾ?” ಎಂದು ಶಿವರಾಜಪ್ಪ ಕೇಳಿದ.

“ಸರಕಾರ ಕೊಡಂಗಿಲ್ಲ, ಬಾದಶಹನೂ ಕೊಡಂಗಿಲ್ಲ. ಗಳಿಸ್ಬೇಕು. ದೇಶದೇಶದ ಉಸ್ತಾದರು ಕೂಡೂ ದೊಡ್ಡ ಪಂದ್ಯ ಇರ್ತಾವ. ಅದರಾಗ ಇಷ್ಟು ಆಟಕ್ಕ ಇಷ್ಟು ಅಂಕ ಅಂತ ಮೊದಲೇ ಗೆರಿ ಎಳದಿರ್ತಾರ. ಆ ಗೆರಿ ದಾಟಬೇಕು. ಒಮ್ಮೆ ದಾಟಿದ್ರ ನಸೀಬು ಅಂತಾರ, ಮತ್ತೊಂದು ಪಂದ್ಯದಾಗೂ ದಾಟಬೇಕು. ಆಮ್ಯಾಲ ದುನಿಯಾದ ಪಂಚರು ಕುಂತು ಕಾಗದ ನೋಡ್ತಾರ, ಖಿತಾಬು ಕೊಡ್ತಾರ. ಅಲ್ಲಿಗಿ ಹೋಗ್ಬೇಕಂದ್ರ ಮೊದಲು ಜಿಲ್ಲಾ, ಆಮ್ಯಾಲ ರಾಜ್ಯ, ಆಮ್ಯಾಲ ದೇಶ. ಒಂದೊಂದೇ ಮೆಟ್ಲು.”

ಮಾಣಿಕ ಕಟ್ಟೆಯ ಹತ್ತಿರಕ್ಕೆ ಒಂದು ಹೆಜ್ಜೆ ಬಂದ. ಆಮೇಲೆ ಕೇಳಿದ, “ಯಾವ ಓಣ್ಯಾಂವ ಅಂತ ಕೇಳ್ತಾರೇನ್ರಿ ಆ ಪಂಚರು?”

“ಓಣಿ ಯಾಕ ಕೇಳ್ತಾರ? ಆಡಿದ ನಡೆಗಳ ಕಾಗದ ಕೇಳ್ತಾರ.”

“ಅಂದ್ರ ಅದೊಂದರ ಛಲೋ ಅದರಿ” ಎಂದ ಮಾಣಿಕ.

ಆ ವರ್ಷ, ಅಂದರೆ ಐವತ್ತೈದರಲ್ಲಿ, ರಶೀದ ಅಹ್ಮದರು ಬೀದರಿನ ಚೌಬಾರಾ ಗೋಪುರದ ಹತ್ತಿರ ಒಂದು ಮಹಡಿಯ ದಿವಾನಖಾನೆಯಲ್ಲಿ ಜಿಲ್ಲೆಯ ಪಂದ್ಯ ಇಟ್ಟರು. ಆಡಲು ಬಂದವರಲ್ಲಿ ಇಬ್ಬರು ಮೂವರು ಮಾಣಿಕನ ಎದುರು ಕೂರುವುದಿಲ್ಲ ಎಂದು ಎದ್ದುನಿಂತರು. ಸಾಹೇಬರು ಗಡ್ಡ ಕೆರೆದುಕೊಂಡರು. ಪಂದ್ಯ ಮುರಿಯಬಾರದು, ಮಾಣಿಕನೂ ಹೋಗಬಾರದು. ಅದಕ್ಕೆ ಭಾಲ್ಕಿಯ ರೂಢಿಯನ್ನೇ ಅಲ್ಲಿಗೂ ತಂದರು. ಮಾಣಿಕ ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತು ನಡೆ ಹೇಳುವುದು, ಹಾವಗೆಪ್ಪ ಮೇಜಿನ ಮುಂದೆ ಕೂತು ನಡೆಸುವುದು. ಕಾಗದದಲ್ಲಿ ಆಟಗಾರನ ಹೆಸರು ಎಂದು ಒಂದು ಗೆರೆ ಇತ್ತು. ಮೇಜಿನ ಮುಂದೆ ಕೂತವನ ಹೆಸರೇ ಅಲ್ಲಿ ಬರೆಯಬೇಕು ಎಂದು ಎದುರಾಳಿಗಳು ಹಟ ಹಿಡಿದರು.

“ಈಗ ಹಾವಗೆಪ್ಪ ಅಂತ ಬರೀತೇನಿ” ಎಂದು ಸಾಹೇಬರು ಮಾಣಿಕನ ಹೆಗಲ ಮೇಲೆ ಕೈ ಇಟ್ಟು ಹೇಳಿದರು. “ಮುಂದ ಸರಿ ಮಾಡೋಣ, ಭಾಯಿ.”

ಮುಂದೆ ಎನ್ನುವ ಮಾತಿನ ಮೇಲೆ ಎಷ್ಟು ಮನೆ ನಿಂತಿವೆಯೋ, ಎಷ್ಟು ಬಿದ್ದಿವೆಯೋ, ಶಿವನೇ ಬಲ್ಲ.

ಆ ಪಂದ್ಯದಲ್ಲೇ ಒಂದು ಸಣ್ಣ ಸಂಗತಿ ನಡೆಯಿತು. ಮಾಣಿಕ ಒಂಟೆ ಎಂದು ಕೂಗಿದ್ದ, ಹಾವಗೆಪ್ಪನ ಕೈ ಹೊರಳಿ ಆನೆಯನ್ನು ಹಿಡಿಯಿತು. ಎದುರಾಳಿ ಹುಯ್ಯಲೆಬ್ಬಿಸಿದ. ಸಾಹೇಬರು ಹಾವಗೆಪ್ಪನನ್ನು ಪಡಸಾಲೆಗೆ ಕರೆದು ಕಿವಿಯಲ್ಲಿ ಹೇಳಿದರು. “ಇದು ನಿಮ್ಮ ಕಟ್ಟಿ ಆಟ ಅಲ್ರಿ, ಎತ್ತಿ ತಿರುವ್ಯಾಡಿ ಮತ್ತ ಇಡ್ಲಾಕ. ವಿಲಾಯತಿ ಕಾಯ್ದೆ. ಯಾವ ಕಾಯಿಗಿ ಕೈ ಹತ್ತದೋ ಅದನ್ನೇ ನಡಸ್ಬೇಕು. ನಿಮ್ಮ ಕೈ ನಿಮ್ಮ ತಲಿ ಮಾತು ಕೇಳಂಗಿಲ್ಲ, ಅದಕ್ಕ ಈ ಸಲ ಮಾಫ್.” ಬಾಗಿಲ ಬಳಿಯ ಮಾಣಿಕನಿಗೆ ಇದು ಕೇಳಿಸಲಿಲ್ಲ, ಎದುರಾಳಿಯ ಗದ್ದಲ ತನ್ನ ಕೂಗಿನ ಮೇಲೆ ಎಂದುಕೊಂಡ. ಹಾವಗೆಪ್ಪನೂ ಹೇಳಲಿಲ್ಲ. ಕಾಯಿ ಮುಟ್ಟದವನಿಗೆ ಅದರ ಕಾಯ್ದೆ ಯಾತಕ್ಕೆ ಎಂದುಕೊಂಡ. ಆಗ ಅದರಲ್ಲಿ ಕಪಟವಿರಲಿಲ್ಲ.

ಮೊದಲ ವರ್ಷ ಗೆದ್ದರು. ಮರುವರ್ಷವೂ ಗೆದ್ದರು. ಎರಡು ವರ್ಷದ ಹದಿನಾಲ್ಕು ಕಾಗದಗಳ ಮೇಲೂ ಹಾವಗೆಪ್ಪ, ಭಾಲ್ಕಿ ಎಂದೇ ಇತ್ತು.

ಹೆಸರು ವಿಚಿತ್ರದ ವಸ್ತು. ಕಾಗದದ ಮೇಲೆ ಸುಮ್ಮನೆ ಕೂತಿರುವಂತೆ ಕಾಣುತ್ತದೆ, ನಿಧಾನಕ್ಕೆ ಇಳಿದು ಬಂದು ಮನುಷ್ಯನ ಮೈ ಸೇರುತ್ತದೆ. ಹೈದರಾಬಾದಿನ ಉರ್ದು ಪತ್ರಿಕೆಯ ಮೂಲೆಯಲ್ಲಿ ಬೀದರ ಜಿಲ್ಲೆಯ ಅವ್ವಲ್ ನಂಬರಿನ ಆಟಗಾರ ಹಾವಗೆಪ್ಪ ಎಂದು ಬಂತು. ಔರಾದಿನಲ್ಲಿ ಹೆಂಡತಿ ಲಲಿತಾಬಾಯಿಯ ತವರಿನವರು ಶಾಲು ಹೊದಿಸಿದರು. ಅಲ್ಲಿಯವರಿಗೆ ಮಾಣಿಕ ಯಾರು ಎಂದೇ ಗೊತ್ತಿರಲಿಲ್ಲ. “ಅಳಿಯಂದ್ರು ಉಸ್ತಾದರಾಗ್ಯಾರ” ಎಂದು ಮಾವ ಓಣಿಗೆಲ್ಲ ಪೇಢಾ ಹಂಚಿದ. ಹಾವಗೆಪ್ಪ ಬಾಯಿ ತೆರೆದ. ಪೇಢಾ ಬಾಯಿಗೆ ಬಂತು. ಮಾತು ಒಳಗೇ ಉಳಿಯಿತು.

ಐವತ್ತಾರರ ದಸರೆಗೆ ಮಾಣಿಕ ಎಂಟು ದಿನ ರಜೆ ಕೇಳಿದ. ರೈಲು ಹತ್ತಿ ನಾಗಪುರಕ್ಕೆ ಹೋದ. ಲಕ್ಷಗಟ್ಟಲೆ ಜನ ಅಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡರಂತೆ, ಇವನೂ ತೆಗೆದುಕೊಂಡ. ತಿರುಗಿ ಬಂದವನು ಬಿಳಿ ಅಂಗಿ ಹಾಕಿದ್ದ. ಸಂಜೆ ಕಟ್ಟೆಯ ಹತ್ತಿರ ಬಂದ, ಆದರೆ ನಿಂತ ಜಾಗಕ್ಕೆ ಬರಲಿಲ್ಲ, ದಾರಿಯಲ್ಲೇ ನಿಂತ.

“ಏನಪಾ ಮಾಣಿಕ, ಇವತ್ತು ನಡಿ ಹೇಳಂಗಿಲ್ಲೇನು?” ಎಂದು ಶಿವರಾಜಪ್ಪ ಕರೆದ.

“ಇನ್ನ ಮ್ಯಾಲ ತಳಗ ನಿಂತು ಆಡಂಗಿಲ್ರಿ ನಾ. ಕುಂತು ಆಡ್ತೇನಿ, ನನ್ನ ಕೈಲೇ ಆಡ್ತೇನಿ. ಇಲ್ಲಂದ್ರ ಇಲ್ಲ.”

ಕಟ್ಟೆಯ ಮೇಲೆ ಯಾರೂ ಸರಿದು ಜಾಗ ಮಾಡಲಿಲ್ಲ. ಮಾಣಿಕ ಹೊರಟುಹೋದ. ಶಿವರಾಜಪ್ಪ ಹಾಸನ್ನು ಹಾವಗೆಪ್ಪನ ಕಡೆ ತಿರುಗಿಸಿದ. “ಬಾರಪ್ಪಾ ಉಸ್ತಾದ, ನೀನರ ಆಡು.” ಹಾವಗೆಪ್ಪ ಆಡಿದ. ಹದಿನೇಳು ನಡೆಗೆ ಸೋತ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ನವೆಂಬರ್ ಒಂದಕ್ಕೆ ಹೈದರಾಬಾದ್ ರಾಜ್ಯ ಇಲ್ಲವಾಯಿತು. ಬೀದರ, ಭಾಲ್ಕಿ, ಔರಾದ ಎಲ್ಲ ಮೈಸೂರು ರಾಜ್ಯಕ್ಕೆ ಸೇರಿದವು. ಉದಗೀರ ಆಚೆಗೆ ಹೋಯಿತು. ಕಚೇರಿಗಳ ಬೋರ್ಡುಗಳು ಬದಲಾದವು, ಶಾಲೆ ಮಕ್ಕಳಿಗೆ ಸಕ್ಕರೆ ಹಂಚಿದರು. ಅದೇ ತಿಂಗಳ ಕೊನೆಗೆ ರಶೀದ ಅಹ್ಮದರು ಹೇಳಿಕಳಿಸಿದರು. ಹಾವಗೆಪ್ಪ ಬೀದರಿಗೆ ಹೋದ.

“ನೋಡ್ರಿ, ಹೊಸ ರಾಜ್ಯದ ಸಂಘದವ್ರು ಕಾಗದ ಬರದಾರ” ಎಂದರು ಸಾಹೇಬರು. “ಹಳೆ ರಾಜ್ಯದಾಗ ಎರಡು ವರ್ಷ ಅವ್ವಲ್ ಬಂದಾಂವ ಸೀದಾ ಮೈಸೂರಿನ ಪಂದ್ಯಕ್ಕ ಹೋಗಬಹುದು. ಕಾಗದದ ಮ್ಯಾಲ ಅಂವ ನೀವು. ಖರೇ ಅಂದ್ರ ಅಂವ ಮಾಣಿಕ. ನೀವು ಎರಡು ಸಾಲು ಬರದು ಸಹಿ ಹಾಕ್ರಿ, ಆ ಹದಿನಾಲ್ಕೂ ಆಟ ಮಾಣಿಕಂದು, ನಾನು ಬರೇ ಕೈ ಅಂತ. ನಾನೂ ಸಹಿ ಹಾಕ್ತೇನಿ. ಹುಡುಗನ ದಾರಿ ತೆರೀತದ.”

ಹಾವಗೆಪ್ಪನಿಗೆ ಪತ್ರಿಕೆ, ಶಾಲು, ಮಾವನ ಪೇಢಾ, ಎಲ್ಲ ಕಣ್ಣೆದುರು ಬಂದವು.

“ಬರದು ಕೊಟ್ರ ಕೇಸ್ ಆಗ್ತದೇನೋ ಸಾಹೇಬ್ರ. ಅಸ್ಪೃಶ್ಯತಾ ಕಾಯ್ದೆ ಬಂದದ. ಅವನ್ನ ತಳಗ ನಿಂದ್ರಿಸಿದ್ವಿ ಅಂತ ನಾವೇ ಬರದು ಕೊಟ್ಟಂಗ ಆಗ್ತದ. ಕಟ್ಟಿ ಮಂದಿ ಎಲ್ಲಾ ಸಿಗಬೀಳ್ತಾರ.”

“ಮತ್ತೇನ್ ಮಾಡೂದು?”

“ಬ್ಯಾರೆ ದಾರಿ ಇಲ್ಲೇನ್ರಿ?”

ಇತ್ತು. ಮೈಸೂರಿನಿಂದ ಪರೀಕ್ಷಕರೊಬ್ಬರು ಬರುವವರಿದ್ದರು. ಹಳೆಯ ದಾಖಲೆ ಇಲ್ಲದವರು ಅವರ ಮುಂದೆ ಒಂದೇ ದಿನ ಮೂರು ಆಟ ಆಡಬೇಕು. ಎರಡೂವರೆ ಅಂಕ ಬಂದರೆ ಅವರಿಗೂ ಮೈಸೂರಿನ ದಾರಿ. “ನನ್ನ ಜಾಗಾ ಬಿಡ್ತೇನ್ರಿ, ಅಂವ ಪರೀಕ್ಷಾಕ್ಕ ಕೂಡ್ಲಿ” ಎಂದ ಹಾವಗೆಪ್ಪ. ಸಾಹೇಬರು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಭಾಲ್ಕಿಯಲ್ಲಿ ಮಾತ್ರ ಈ ಸುದ್ದಿ ಬೇರೆಯೇ ಬಣ್ಣದಲ್ಲಿ ಹಬ್ಬಿತು. ಹಮಾಲನ ಸಲುವಾಗಿ ಜಾಗ ಬಿಟ್ಟುಕೊಟ್ಟ ಪುಣ್ಯಾತ್ಮ ಎಂದರು. ಹಾವಗೆಪ್ಪ ಆ ಮಾತನ್ನೂ ತೆಗೆದುಕೊಂಡ.

ಪರೀಕ್ಷೆಯ ದಿನ ಇಬ್ಬರೂ ಬೆಳಗಿನ ಮೋಟಾರಿಗೆ ಹೊರಟರು. ನೌಬಾದಿನಲ್ಲಿ ಇಂಜಿನ್ನು ಕೆಮ್ಮಿ ನಿಂತಿತು. ಅಲ್ಲಿಂದ ಶಹರು ಮೂರು ಮೈಲಿಯೂ ಇಲ್ಲ, ನಡೆದೇ ಹೋಗೋಣ ಎಂದರು. ಕೆಂಪು ಮಣ್ಣಿನ ದಾರಿ, ಎರಡೂ ಬದಿ ಕಡಲೆ ಹೊಲ. ಇಷ್ಟು ವರ್ಷ ಮೂರು ಹೆಜ್ಜೆ ಹಿಂದೆ ನಡೆಯುತ್ತಿದ್ದ ಮಾಣಿಕ ಇಂದು ಪಕ್ಕಕ್ಕೇ ನಡೆಯುತ್ತಿದ್ದ. ಹಾವಗೆಪ್ಪನ ಕಣ್ಣು ಮತ್ತೆ ಮತ್ತೆ ಆ ಬಿಳಿ ಅಂಗಿಯ ಮೇಲೆ ಹೋಗುತ್ತಿತ್ತು.

“ಸಾವ್ಕಾರ್ರ” ಎಂದ ಮಾಣಿಕ, “ಇಷ್ಟು ದಿನ ಬಾಯಿಲೇ ಆಡಿದೆ. ಇವತ್ತು ಕೈಲೇ ಆಡೂದು. ಕುಂತು ಆಡ್ಲಾಕ ಬ್ಯಾರೆ ಕಾಯ್ದೆ ಏನರೆ ಅದಾವೇನ್ರಿ? ನೀವು ಕುಂತೀರಿ, ನಿಮಗ ಗೊತ್ತಿರ್ತದ.”

ಪಡಸಾಲೆ ನೆನಪಾಯಿತು. ಕಿವಿಯಲ್ಲಿ ಸಾಹೇಬರ ಉಸಿರು ನೆನಪಾಯಿತು. ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಆಗಲೇ ಹಾವಗೆಪ್ಪನಿಗೆ ಮೈಸೂರಿನ ಪಂದ್ಯ ಕಂಡಿತು, ಅಲ್ಲಿಂದ ದೇಶ, ಅಲ್ಲಿಂದ ಸಮುದ್ರದಾಚೆಯ ಆ ಗೆರೆ. ಗೆರೆ ದಾಟುವ ಮಾಣಿಕ ಕಂಡ. ಔರಾದಿನ ಓಣಿಯಲ್ಲಿ ಮಾವ, ಹಂಗಾದ್ರ ಅಳಿಯಂದ್ರ ಆಟ ಯಾವುದು, ಎಂದು ಕೇಳುವುದೂ ಕಂಡಿತು.

“ಏನೂ ಇಲ್ಲ” ಎಂದ. “ಎಲ್ಲಾ ನಿನಗ ಗೊತ್ತಿದ್ದದ್ದೇ.”

ಅಂದು ಬೆಳಿಗ್ಗೆ ಅವನು ಸ್ನಾನ ಮಾಡಿ, ಲಿಂಗಪೂಜೆ ಮಾಡಿ, ವಿಭೂತಿ ಹಚ್ಚಿಕೊಂಡೇ ಹೊರಟಿದ್ದ. ಹಣೆಯ ಮೇಲೆ ಅದು ಹಾಗೇ ಇತ್ತು.

ದಿವಾನಖಾನೆಯಲ್ಲಿ ಮೈಸೂರಿನ ಪರೀಕ್ಷಕರು ಜರಿಪೇಟ ಸುತ್ತಿಕೊಂಡು ಕೂತಿದ್ದರು, ಮೆತ್ತಗಿನ ಮನುಷ್ಯ. “ಬನ್ನಿ, ಬನ್ನಿ, ಕೂತ್ಕೊಳ್ಳಿ” ಎಂದು ಮಾಣಿಕನಿಗೆ ಕುರ್ಚಿ ತೋರಿಸಿದರು. ಇವನು ಯಾವ ಓಣಿಯವನು ಎಂದು ಕೇಳಲಿಲ್ಲ. ಮಾಣಿಕ ಕುರ್ಚಿಯ ಅಂಚಿಗೆ ಕೂತ. ಎದುರಿಗೆ ಮರದ ಕಾಯಿಗಳು ಮೆರುಗು ಹಚ್ಚಿ ಸಾಲಾಗಿ ನಿಂತಿದ್ದವು.

ಮೊದಲ ಎರಡು ಆಟದಲ್ಲಿ ಅವನ ರೂಢಿ ಅವನನ್ನು ಕಾಯಿತು. ಯೋಚನೆ ಮುಗಿದ ಮೇಲೆ “ರಾಜನ ಕಡಿ ಕುದುರಿ, ಒಂಟಿ ಮುಂದಿನ ಮೂರನೇ ಮನಿ” ಎಂದು ಬಾಯಿಬಿಟ್ಟು ಹೇಳುತ್ತಿದ್ದ, ಹೇಳಿದ ಮೇಲೆಯೇ ಕೈ ಚಾಚುತ್ತಿದ್ದ. ಹೇಳದೆ ಕೈ ಹೋಗುತ್ತಲೇ ಇರಲಿಲ್ಲ. ಎರಡೂ ಆಟ ಗೆದ್ದ. ರಶೀದ ಅಹ್ಮದರು ಮೂಲೆಯಲ್ಲಿ ಕೂತು ತಸಬಿಯ ಮಣಿ ಎಣಿಸುತ್ತ ನಗುತ್ತಿದ್ದರು. ಇನ್ನು ಅರ್ಧ ಅಂಕ ಸಾಕಿತ್ತು. ಸೋಲದಿದ್ದರೆ ಆಯಿತು.

ಮೂರನೆಯ ಆಟಕ್ಕೆ ಬಂದವನು ಗುಲಬರ್ಗಾದ ವಕೀಲ. ನಾಲ್ಕನೆಯ ನಡೆಗೇ ಅವನು ಪರೀಕ್ಷಕರ ಕಡೆ ತಿರುಗಿದ. “ಇವರು ಪ್ರತಿ ಸಲ ಒದರ್ತಾರ್ರಿ. ನನಗ ವಿಚಾರ ಮಾಡ್ಲಾಕ ಆಗವಲ್ದು.”

ಪರೀಕ್ಷಕರು ಮಾಣಿಕನ ಕಡೆ ಬಾಗಿ ಮೃದುವಾಗಿ ಹೇಳಿದರು. “ನೋಡಿಪ್ಪಾ, ಬಾಯಲ್ಲಿ ಹೇಳಬೇಕಾಗಿಲ್ಲ. ಕೈಯಲ್ಲಿ ನಡೆಸಿಬಿಟ್ಟರೆ ಆಯಿತು. ಸುಮ್ಮನೆ ಆಡಿ, ಏನೂ ತೊಂದರೆಯಿಲ್ಲ.”

ಮಾಣಿಕ ತುಟಿ ಕಚ್ಚಿಕೊಂಡು ಆಡಿದ. ಆದರೂ ಆಟ ಅವನ ಕಡೆಗೇ ಹರಿಯಿತು. ಮೂವತ್ತನೆಯ ನಡೆಯ ಹೊತ್ತಿಗೆ ವಕೀಲನ ರಾಜನ ಮುಂದೆ ಬಾಗಿಲು ತೆರೆದಿತ್ತು. ಹಾವಗೆಪ್ಪನಿಗೂ ಅದು ಕಾಣುತ್ತಿತ್ತು. ಒಂಟೆಯಿಂದ ಶಹ, ಕುದುರೆಯಿಂದ ಶಹ, ಅಲ್ಲಿಗೆ ಮಾತ್, ಆಟ ಮುಗಿಯಿತು. ಮಾಣಿಕನ ವಜೀರ, ಅಂದರೆ ಮಂತ್ರಿ, ನಿಂತಲ್ಲೇ ನಿಂತಿದ್ದರೆ ಸಾಕು. ಅವನೇ ಈ ಕಡೆಯ ರಾಜನನ್ನು ಕಾಯುತ್ತಿದ್ದ.

ಮಾಣಿಕನಿಗೆ ಅದು ಎಲ್ಲರಿಗಿಂತ ಮೊದಲೇ ಕಂಡಿರಬೇಕು. ಅವನ ಮುಖ ಅರಳಿತು. ಹೇಳಲು ಬಾಯಿ ತೆರೆದ, ಹೇಳಬಾರದು ಎಂದು ನೆನಪಾಗಿ ಮುಚ್ಚಿದ. ಬಾಯಿಗೆ ಬಂದ ಸಂತೋಷಕ್ಕೆ ದಾರಿ ಸಿಗಲಿಲ್ಲ. ಎರಡು ಬೆರಳು ಮುಂದೆ ಹೋಗಿ ವಜೀರನ ತಲೆಯ ಮೇಲೆ ಮೆಲ್ಲಗೆ ಕೂತವು. ಎತ್ತಲಿಲ್ಲ, ಸರಿಸಲಿಲ್ಲ. ದುಡಿದು ಬಂದ ಎತ್ತಿನ ನೆತ್ತಿ ಸವರುವ ಹಾಗೆ ಒಮ್ಮೆ ಸವರಿದ, ಅಷ್ಟೇ.

“ವಜೀರಗ ಕೈ ಹತ್ತದ” ಎಂದ ವಕೀಲ. “ವಜೀರನ್ನೇ ನಡಸ್ಬೇಕು.”

ಮಾಣಿಕ ನಕ್ಕ. “ನಾ ನಡಸಿಲ್ರಿ. ಸುಮ್ಮ ಕೈ ಇಟ್ಟೇನಿ.”

ಪರೀಕ್ಷಕರ ಮುಖ ಕಪ್ಪಿಟ್ಟಿತು. “ಕಾಯಿಯನ್ನು ಮುಟ್ಟಿದರೆ ಅದನ್ನೇ ಆಡಬೇಕು ಅಂತ ನಿಯಮ ಇದೆಯಪ್ಪಾ. ನಿಮಗೆ ಗೊತ್ತಿರಲಿಲ್ಲವೆ?”

ಮಾಣಿಕ ಅವರನ್ನು ನೋಡಿದ, ಕಾಯಿಗಳನ್ನು ನೋಡಿದ. ಆಮೇಲೆ ಗೋಡೆಗೆ ಒರಗಿ ನಿಂತ ಹಾವಗೆಪ್ಪನನ್ನು ನೋಡಿದ. ಹಾವಗೆಪ್ಪ ನೆಲ ನೋಡಿದ. ವಜೀರನಿಗೆ ಹೋಗಲು ನಾಲ್ಕು ಮನೆ ಇದ್ದವು, ನಾಲ್ಕರಲ್ಲಿ ಎಲ್ಲಿಗೆ ಹೋದರೂ ಹಿಂದಿನ ರಾಜ ಬಯಲಿಗೆ ಬೀಳುತ್ತಿದ್ದ. ಮಾಣಿಕ ಮತ್ತೆ ಹನ್ನೊಂದು ನಡೆ ಹೋರಾಡಿದ. ಆಮೇಲೆ ಎದ್ದು ನಿಂತು ವಕೀಲನಿಗೆ ಕೈಮುಗಿದ.

ಹೊರಗೆ ಬಂದಾಗ ಬಿಸಿಲು ಇನ್ನೂ ಚುರುಕಾಗಿತ್ತು. ಚೌಬಾರಾದ ನೆರಳಿನಲ್ಲಿ ನಿಂತು ಮಾಣಿಕ ಕೇಳಿದ. “ಈ ಕಾಯ್ದೆ ನಿಮಗ ಗೊತ್ತಿತ್ತೇನ್ರಿ, ಸಾವ್ಕಾರ್ರ?”

“ಇಲ್ಲಪ್ಪಾ” ಎಂದ ಹಾವಗೆಪ್ಪ.

ಹಿಂದೆಯೇ ಬಂದ ರಶೀದ ಅಹ್ಮದರ ಕಿವಿಗೆ ಅದು ಬಿತ್ತು. ಅವರು ನಿಂತರು. ಏನೋ ಹೇಳಲು ಹೋಗಿ, ತಾವೇ ಅಂದು ಇಬ್ಬರಿಗೂ ಹೇಳದೆ ಒಬ್ಬನ ಕಿವಿಯಲ್ಲಿ ಹೇಳಿದ್ದು ನೆನಪಾಯಿತೋ ಏನೋ, ತಲೆ ತಗ್ಗಿಸಿ ಒಳಗೆ ಹೋದರು.

ಮಾಣಿಕ ನಂಬಿದ. ನಂಬಿದ್ದಷ್ಟೇ ಅಲ್ಲ, ಸಮಾಧಾನವನ್ನೂ ಹೇಳಿದ. “ನೀವೇನ್ ಮಾಡ್ತೀರಿ ಬಿಡ್ರಿ. ನಿಮಗರ ಯಾರು ಹೇಳ್ಬೇಕಾಗಿತ್ತು?” ಭಾಲ್ಕಿಗೆ ಬಂದ ಮೇಲೆ ಕೇಳಿದವರಿಗೆಲ್ಲ ಅವನು ಅದನ್ನೇ ಹೇಳಿದ. ಸಾವ್ಕಾರರ ತಪ್ಪೇನೂ ಇಲ್ಲ, ಅವರು ಜಾಗ ಬಿಟ್ಟುಕೊಟ್ಟರು, ನನ್ನ ಕೈ ಎಡವಿತು. ಜನ ಹಾವಗೆಪ್ಪನನ್ನು ಇನ್ನಷ್ಟು ಹೊಗಳಿದರು. ತಿಂಗಳು ತುಂಬುವುದರೊಳಗೆ ಮಾಣಿಕ ಹಮಾಲಿ ಬಿಟ್ಟು ಔರಾದಿನ ಕಡೆ ರಸ್ತೆ ಕೆಲಸಕ್ಕೆ ಹೋದ. ಅಲ್ಲಿ ಅವನು ಹಾಸು ಬಿಚ್ಚಿದ್ದನ್ನು ಯಾರೂ ನೋಡಲಿಲ್ಲವಂತೆ.

ಬಾಯಲ್ಲಿ ಬಿಟ್ಟ ಜಾಗ ಕಾಗದದಲ್ಲಿ ಹಾಗೇ ಇತ್ತು, ದಾಖಲೆಯ ಅವ್ವಲ್ ಆಟಗಾರನಿಗೆ ಮೈಸೂರಿನಿಂದ ಕರೆ ಬಂತು. ಮೈಯಲ್ಲಿ ಹುಷಾರಿಲ್ಲ ಎಂದು ಹಾವಗೆಪ್ಪ ಬರೆದು ಹಾಕಿದ. ಅದು ಪೂರ್ತಿ ಸುಳ್ಳೂ ಅಲ್ಲ. ಪೂಜೆಗೆ ಕೂತರೆ ಮಂತ್ರ ನಡುವೆಯೇ ತಪ್ಪುತ್ತಿತ್ತು. ಲಿಂಗವನ್ನು ನೋಡುತ್ತ ಕೂತವನಿ‌ಗೆ ನೌಬಾದಿನ ದಾರಿಯೇ ಕಾಣುತ್ತಿತ್ತು. ಮಾಡಿದ ಪಾಪವಾದರೆ ಪ್ರಾಯಶ್ಚಿತ್ತ ಕೇಳಬಹುದು. ಆಡದೆ ಬಿಟ್ಟ ಒಂದು ಮಾತಿಗೆ ಏನು ಕೇಳುವುದು? ಬೇಸಿಗೆ ಕಳೆಯಿತು, ಮಳೆ ಕಳೆಯಿತು. ಕೊನೆಗೆ ಒಂದು ದಿನ, ಯಾರಿಗೂ ಹೇಳದೆ, ಔರಾದಿನ ಮೋಟಾರು ಹತ್ತಿದ.

ಮಾಣಿಕ ರಸ್ತೆಯ ಬದಿಗೆ ಜಲ್ಲಿ ರಾಶಿಯ ಹತ್ತಿರ ಹಾಜರಿ ಪುಸ್ತಕ ಹಿಡಿದು ನಿಂತಿದ್ದ. ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತಿದ್ದ. ಈಗ ಅವನು ಕೂಲಿಯವರ ಮೇಲಿನ ಮುಕಾದಮ.

“ಬರ್ರಿ ಸಾವ್ಕಾರ್ರ. ಅತ್ತಿ ಮನಿಗಿ ಬಂದೀರೇನು?”

“ಇಲ್ಲ. ನಿನ್ನ ಹಂತೇಲೇ ಬಂದೇನಿ.” ಹಾವಗೆಪ್ಪ ನಿಂತೇ ಹೇಳಿದ. “ಆ ಕಾಯ್ದೆ ನನಗ ಗೊತ್ತಿತ್ತು, ಮಾಣಿಕ. ನೀ ಕೇಳಿದಾಗ ನಾಲಿಗಿ ಮ್ಯಾಲ ಇತ್ತು. ಹೇಳಲಿಲ್ಲ.”

ಮಾಣಿಕ ಹಾಜರಿ ಪುಸ್ತಕ ಮುಚ್ಚಿದ.

“ಯಾಕ?”

“ಹೊಟ್ಟಿಕಿಚ್ಚು.”

“ಮತ್ತ ಈಗ ಯಾಕ ಹೇಳ್ತೀರಿ? ನಿಮಗ ಹಗುರ ಆಗ್ಲಿ ಅಂತ?” ಅವನ ದನಿ ಏರಲಿಲ್ಲ. “ವರ್ಷ ಆತ್ರಿ. ಈ ಕೈ ದಂಡ, ಆಟ ಕೆಡಿಸ್ತು ಅಂತ ನಾನೇ ಇದನ್ನ ಬೈದೇನಿ. ರೊಟ್ಟಿ ಮುರಿಯಾಗ ಬೈದೇನಿ. ಕೂಸಿನ್ನ ಎತ್ಗೊಳ್ಳೂಮುಂದ ಬೈದೇನಿ.”

ಹಾವಗೆಪ್ಪ ಕಾಲು ಹಿಡಿಯಲು ಬಾಗಿದ. ಮಾಣಿಕ ಒಂದು ಹೆಜ್ಜೆ ಹಿಂದೆ ಸರಿದ.

“ಅದೆಲ್ಲಾ ಬ್ಯಾಡ್ರಿ. ರಶೀದ ಸಾಹೇಬ್ರು ಅವತ್ತು ನಿಮಗ ಬರೀರಿ ಅಂದಿದ್ರಂತಲ್ಲ, ಆಮ್ಯಾಲ ಅವರೇ ನನಗ ಹೇಳಿದ್ರು, ಅದು ಬರದು ಕೊಡ್ರಿ. ಹದಿನಾಲ್ಕು ಆಟ ಯಾರು ಆಡಿದ್ರು ಅಂತ. ಅಷ್ಟ ಸಾಕು.”

ಹಾಜರಿ ಪುಸ್ತಕದ ಕೊನೆಯ ಹಾಳೆ ಹರಿದು ಕೊಟ್ಟ. ಹಾವಗೆಪ್ಪ ಡಾಂಬರು ಪೀಪಾಯಿಯ ಮೇಲೆ ಕಾಗದ ಇಟ್ಟು ಬರೆದ. ಒಂದೂ ಮುಚ್ಚಿಡದೆ ಬರೆದ. ಒಂದು ಕಡೆ ಪೆನ್ನು ನಿಂತಿತು.

“ತಂದಿ ಹೆಸರು ಹಾಕ್ಬೇಕಲ್ಲ. ನಿಮ್ಮಪ್ಪಂದು ಏನು ಹೆಸರು?”

“ಹತ್ತು ವರ್ಷ ನಿಮ್ಮ ಅಂಗಡ್ಯಾಗ ದುಡದೇನಿ” ಎಂದ ಮಾಣಿಕ. ಆಮೇಲೆ, “ಮಚ್ಛೇಂದ್ರ” ಎಂದ.

ಕಾಗದ ಬೀದರಿಗೆ ಹೋಯಿತು. ರಶೀದ ಅಹ್ಮದರು ತಮ್ಮ ಸಹಿ ಹಾಕಿ ಹೊಸ ರಾಜ್ಯದ ಸಂಘಕ್ಕೆ ಕಳಿಸಿದರು. ಉತ್ತರ ಬರಲು ಮೂರು ತಿಂಗಳಾಯಿತು, ಬಂದದ್ದು ಹಾವಗೆಪ್ಪನ ವಿಳಾಸಕ್ಕೆ. ಅಚ್ಚುಕಟ್ಟಾದ ಮೈಸೂರು ಕನ್ನಡ. ಹಿಂದಿನ ಹೈದರಾಬಾದ್ ರಾಜ್ಯದ ಸಂಘವು ವಿಸರ್ಜನೆಗೊಂಡಿರುತ್ತದೆ. ಅದರ ದಾಖಲೆಗಳನ್ನು ಇದ್ದ ಹಾಗೆಯೇ ಸ್ವೀಕರಿಸಲಾಗಿದೆ. ಅವುಗಳಲ್ಲಿನ ಹೆಸರನ್ನು ತಿದ್ದಲು ಈ ಸಂಘಕ್ಕೆ ಅಧಿಕಾರವಿರುವುದಿಲ್ಲ. ತಮ್ಮ ಪ್ರಾಮಾಣಿಕತೆಯನ್ನು ಸಂಘವು ಮೆಚ್ಚಿಕೊಂಡಿದೆ.

ಹಾವಗೆಪ್ಪ ಅದನ್ನು ಔರಾದಿಗೆ ಒಯ್ದ. ಮಾಣಿಕ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದ. ಮೆಚ್ಚಿಕೊಂಡಿದೆ ಎನ್ನುವಲ್ಲಿ ಬೆರಳು ಸ್ವಲ್ಪ ನಿಂತಿತು. ಪೂರ್ತಿ ಓದಿ, ಮೊದಲಿದ್ದ ಮಡಿಕೆಯಲ್ಲೇ ಮಡಚಿ, ಹಿಂದಕ್ಕೆ ಚಾಚಿದ.

“ನೀವೇ ಇಟ್ಕೋರಿ” ಎಂದ. “ಹೆಸರು ನಿಮ್ಮದೇ ಅದ.”